ಆಸ್ಪತ್ರೆಗೂ ಮನೆಗೂ ನಡುವೆ ಇನ್ನೊಂದು ಮನೆ

ಪ್ರಶ್ನೆ: ಅಕ್ಕ, ನಮ್ಮವರು ಗೋಣಿಕೊಪ್ಪದ ಹತ್ತಿರ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಕುಡಿತ ಬಿಡಲು ಮೈಸೂರಿನಲ್ಲಿ ಒಂದು ತಿಂಗಳು ಚಿಕಿತ್ಸೆ ಪಡೆದಿದ್ದಾರೆ. ಈ ವಾರ ಬಿಡುಗಡೆ. ಮನೆಗೆ ಹೋಗುವ ಮೊದಲು ಮೂರು ತಿಂಗಳು ಹಾಫ್‌ವೇ ಹೋಮ್‌ನಲ್ಲಿ, ಅಂದರೆ ಚಿಕಿತ್ಸೆ ಮುಗಿಸಿದವರು ಕುಡಿಯದೆ ಒಟ್ಟಿಗೆ ಇರುವ ಮನೆಯಲ್ಲಿ, ಇರಲಿ ಅಂತ ಅಲ್ಲಿನ ಕೌನ್ಸೆಲರ್ ಹೇಳುತ್ತಾರೆ. ಅತ್ತೆಗೆ ಇಷ್ಟವಿಲ್ಲ. "ವಾಸಿಯಾಗಿದೆಯಲ್ಲ, ಹುತ್ತರಿ ಹಬ್ಬಕ್ಕೆ ಮಗ ಮನೆಯಲ್ಲಿರಬೇಕು" ಅನ್ನುತ್ತಾರೆ. ಮತ್ತೆ ಕುಡಿದರೆ ಗುಟ್ಟಾಗಿ ಕಾಫಿಗೆ ಬೆರೆಸಲು ಯಾರಿಂದಲೋ ಪುಡಿಯನ್ನೂ ತಂದಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಆ ಪುಡಿಯನ್ನು ಎಸೆದುಬಿಡಿ. ಇಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಅನ್ನೋ ಕುಡಿತ ಬಿಡಿಸುವ ಔಷಧಿ ಬೆರೆತಿದ್ದರೆ, ಅದರ ಮೇಲೆ ಕುಡಿದವರಿಗೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ. ಡಾಕ್ಟರು ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ.

ಇನ್ನು ಮನೆಯ ವಿಷಯ. ನನ್ನ ಅಣ್ಣ ಸೋಮವಾರಪೇಟೆ ಕಡೆ ತೋಟ ನೋಡಿಕೊಳ್ಳುತ್ತಿದ್ದ. ಚಿಕಿತ್ಸೆ ಮುಗಿದ ದಿನವೇ ಕರೆತಂದೆವು. ಪಾಯಸ ಮಾಡಿದೆವು. ಯಾರೂ ಒಂದು ಬಿರುಸು ಮಾತು ಆಡಲಿಲ್ಲ. ಒಂಬತ್ತನೇ ದಿನ ಬಟವಾಡೆ ಇತ್ತು. ಸಂಜೆ ಆರಕ್ಕೆ ಲೆಕ್ಕ ಮುಗಿಯಿತು, ಕೈಗೆ ಕೆಲಸವಿಲ್ಲ. ಮನೆಗೆ ಬರುವ ದಾರಿಯಲ್ಲೇ ವೈನ್ ಶಾಪ್. ನಮ್ಮ ಪ್ರೀತಿ ಕಡಿಮೆಯಾಗಿತ್ತಾ? ಇಲ್ಲ. ಕೈನಡುಕ, ನಿದ್ದೆಗೇಡು ಆಸ್ಪತ್ರೆಯಲ್ಲಿ ಹೋಗಿತ್ತು. ಆದರೆ ಆ ಆರು ಗಂಟೆಯನ್ನು ಕಳೆಯೋದು ಹೇಗೆ ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ.

ಎರಡನೇ ಸಲ ಚಿಕಿತ್ಸೆಯಾದ ಮೇಲೆ ಬೆಂಗಳೂರಿನ ಒಂದು ಹಾಫ್‌ವೇ ಹೋಮ್‌ನಲ್ಲಿ ಆರು ತಿಂಗಳಿದ್ದ. ನಾನು ನೋಡಲು ಹೋದಾಗ ಈರುಳ್ಳಿ ಹೆಚ್ಚುತ್ತಿದ್ದ. ಗೋಡೆಯ ಮೇಲೆ ಅಡುಗೆ ಸರದಿಯ ಚೀಟಿ, ಬುಧವಾರದ ಮುಂದೆ ಅವನ ಹೆಸರು. ಹಗಲು ಹೊರಗೆ ಕೆಲಸಕ್ಕೆ ಹೋಗಬಹುದು, ಸಂಜೆ ಹೊತ್ತಿಗೆ ಸರಿಯಾಗಿ ವಾಪಸ್. ಆರಕ್ಕೆ ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತರು. ಒಬ್ಬ ಹುಡುಗ, "ಇವತ್ತು ಬಸ್ ಸ್ಟ್ಯಾಂಡ್ ಹತ್ತಿರ ಕಾಲು ಬಾರಿನ ಕಡೆ ತಿರುಗಿತು, ಫೋನ್ ಮಾಡಿದೆ" ಅಂದ. ಹೋಗಿ ಕರೆತಂದವನು ನನ್ನ ಅಣ್ಣ. ಅವತ್ತು ನನಗೆ ಎಷ್ಟು ಧೈರ್ಯ ಬಂತು ಅಂತ ಹೇಳಲಾರೆ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1975ರಲ್ಲಿ ಇಂಥ ಮನೆಯೊಂದು ಮುಚ್ಚುವ ಹಂತಕ್ಕೆ ಬಂದಾಗ, ಅಲ್ಲಿದ್ದವರೇ ಬಾಡಿಗೆ ಹಂಚಿಕೊಂಡು ನಡೆಸಿದರು. ಅದೇ ಆಕ್ಸ್‌ಫರ್ಡ್ ಹೌಸ್ ಆಯಿತು. ಕುಡಿದರೆ ಮನೆ ಬಿಡಬೇಕು, ಖರ್ಚಿನ ಪಾಲು ಕೊಡಬೇಕು, ತೀರ್ಮಾನಗಳು ಎಲ್ಲರ ಓಟಿನಿಂದ. ಇಷ್ಟೇ.

ಆದರೆ ಕಣ್ಣುಮುಚ್ಚಿ ಸೇರಿಸಬೇಡಿ. ಹೊಡೆಯುವ, ಬೀಗ ಹಾಕುವ, ಮನೆಯವರನ್ನು ಒಳಗೆ ಬಿಡದ ಜಾಗವಾದರೆ ಮೆಟ್ಟಿಲಿಂದಲೇ ಹಿಂದಿರುಗಿ. ಅಡುಗೆಮನೆ ನೋಡಿ, ಇರುವವರ ಜೊತೆ ಮಾತಾಡಿ. ಚಿಕಿತ್ಸೆಯನ್ನೂ ಕೊಡುವ ಜಾಗವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಕೇಳಿ. ಖರ್ಚು ಕಷ್ಟವಾದರೆ 14446ಕ್ಕೆ ಫೋನ್ ಮಾಡಿ, ವ್ಯಸನಮುಕ್ತಿಗಾಗಿ ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು. ಮನೆಗೆ ಬಂದ ಮೇಲೂ ಮಡಿಕೇರಿಯ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ತಪ್ಪದೆ ಹೋಗಬೇಕು.

ಅತ್ತೆಯವರ ಆಸೆ ತಪ್ಪಲ್ಲ. ಆದರೆ ನಮ್ಮ ಕೊಡಗಿನಲ್ಲಿ ಹುತ್ತರಿ ಅಂದರೆ ಕದಿರು ತೆಗೆಯುವುದರ ಜೊತೆ ಗ್ಲಾಸೂ ಬರುತ್ತೆ, ಅಲ್ವಾ? ಈ ವರ್ಷ ತಂಬಿಟ್ಟು ಕಟ್ಟಿಕೊಂಡು ಅತ್ತೆಯವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ನಿಮ್ಮ ಕಾಗದದಲ್ಲಿ ಕೌನ್ಸೆಲರ್ ಮಾತಿದೆ, ಅತ್ತೆಯ ಮಾತಿದೆ, ನಿಮ್ಮವರ ಮಾತಿಲ್ಲ. ಅವರಾಗಿ ಒಪ್ಪಿ ಹೋದರೆ ಮಾತ್ರ ಆ ಮನೆಯಿಂದ ಪ್ರಯೋಜನ. ಬಿಡುಗಡೆಗೆ ಮುಂಚೆಯೇ ಮೈಸೂರಿಗೆ ಹೋಗಿ, ಪಕ್ಕದಲ್ಲಿ ಕೂತು, ಅವರನ್ನೇ ಕೇಳಿ.