ಪೈಲಟ್ ಪಕ್ಕದಲ್ಲಿ ಕುಳಿತಾಗ

ಪ್ರಶ್ನೆ: ಜಕ್ಕೂರಿನಿಂದ ನನ್ನ ಮಗಳು ಸೆಸ್ನಾ 172 ವಿಮಾನದಲ್ಲಿ ಪೈಲಟ್ ಪಕ್ಕದಲ್ಲೇ ಕುಳಿತು ಹಾರಲಿದ್ದಾಳೆ. ಇರುವುದು ಒಂದೇ ಎಂಜಿನ್. ಅದು ನಿಂತರೆ ಗತಿಯೇನು?
– ಒಬ್ಬ ತಾಯಿ, ತುಮಕೂರು

ಉತ್ತರ: ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತಾಯಿ. ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ತೇಲುತ್ತಾ ಇಳಿಯುತ್ತದೆ. ನೆಲದಿಂದ 3000 ಅಡಿ ಎತ್ತರದಲ್ಲಿದ್ದರೆ, ಗಾಳಿ ಶಾಂತವಾಗಿರುವಾಗ ಸುಮಾರು 8 ಕಿ.ಮೀ. ಸಾಗಬಲ್ಲದು; ಅಷ್ಟರೊಳಗೆ ಇಳಿಯುವ ಜಾಗ ಹುಡುಕುವುದು ಪೈಲಟ್ ತರಬೇತಿಯ ಮುಖ್ಯ ಪಾಠ. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್‌ಗಳಿವೆ, ಅವಕ್ಕೆ ವಿದ್ಯುತ್ ಕೊಡುವ ಮ್ಯಾಗ್ನೆಟೊಗಳೂ ಎರಡು; ಒಂದು ಕೆಟ್ಟರೂ ಇನ್ನೊಂದರಿಂದ ಎಂಜಿನ್ ಓಡುತ್ತದೆ. ಹಾರುವ ಮೊದಲು ಪೈಲಟ್ ಅವುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಆಗ ಎಂಜಿನ್ನಿನ ಸದ್ದು ತುಸು ಕುಗ್ಗುತ್ತದೆ, ಮಗಳು ಹೆದರಬೇಕಿಲ್ಲ.

ನಾನು ಮೊದಲ ಬಾರಿ ಆ ಆಸನದಲ್ಲಿ ಕುಳಿತಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಇಳಿಯುವಾಗಿನ ಪೀಪಿಯಂಥ ಕೂಗು. ರೆಕ್ಕೆಯ ಮೇಲೆ ಗಾಳಿ ಹಿಡಿತ ಕಳೆದುಕೊಳ್ಳುವ ವೇಗ ಸಮೀಪಿಸಿದೆ ಎಂಬ ಎಚ್ಚರಿಕೆಯದು. ಚಕ್ರ ನೆಲ ಮುಟ್ಟುವ ಕ್ಷಣದಲ್ಲಿ ಅದು ಸಹಜ. ಆ ಕೂಗಿನ ವಿಷಯವನ್ನು ಮಗಳಿಗೆ ಖಂಡಿತ ಮೊದಲೇ ಹೇಳಿ.

ಅವಳ ಮುಂದೆಯೂ ಚುಕ್ಕಾಣಿ, ಪೆಡಲ್‌ಗಳು ಇರುತ್ತವೆ. ಪೈಲಟ್ ಹೇಳದೆ ಮುಟ್ಟಬಾರದು, ಪಾದಗಳನ್ನು ಹಿಂದಕ್ಕೆ ಇಟ್ಟುಕೊಳ್ಳಬೇಕು. ಹೊಟ್ಟೆ ತೊಳಸಿದರೆ ಮೊಬೈಲ್ ಬಿಟ್ಟು ದಿಗಂತವನ್ನು ನೋಡಲಿ. ಬೆಳಗಿನ ಹೊತ್ತನ್ನೇ ಕೇಳಿ ಪಡೆಯಿರಿ: ಬಿಸಿಲೇರಿದ ಮೇಲೆ ಕಾದ ನೆಲದಿಂದ ಏಳುವ ಗಾಳಿ ಪುಟ್ಟ ವಿಮಾನವನ್ನು ಚೆನ್ನಾಗಿ ಕುಲುಕುತ್ತದೆ. ನಾಲ್ಕು ಆಸನಗಳಿರುತ್ತವೆ; ತೂಕದ ಲೆಕ್ಕ ಒಪ್ಪಿದರೆ ನೀವೂ ಹಿಂದೆ ಕುಳಿತುಕೊಳ್ಳಿ.