ಕೋಡ್ ಕೊಟ್ಟವರಿಗೂ ಸೊನ್ನೆ ಏಕೆ?

ಉಡುಪಿಯ ಕೋಣೆಯಲ್ಲಿ ಜೊತೆಗಿರುವ ಗೆಳೆಯನಿಗೆ ನಿಮ್ಮ ಲಿಂಕ್ಡ್ ಲಿಸ್ಟ್ (ಮಾಹಿತಿಯನ್ನು ಕೊಂಡಿಗಳಂತೆ ಒಂದಕ್ಕೊಂದು ಜೋಡಿಸುವ ಪಟ್ಟಿ) ಪ್ರೋಗ್ರಾಂ ‘ನೋಡಲು ಮಾತ್ರ’ ಕೊಟ್ಟಿರಿ, ಅವನು ವೇರಿಯೇಬಲ್ ಹೆಸರು ಬದಲಿಸಿ ಸಲ್ಲಿಸಿದ, ಇಬ್ಬರಿಗೂ ಸೊನ್ನೆ. ನನ್ನ ತಪ್ಪೇನು ಎಂದು ಕೇಳಿದ್ದೀರಿ.

ಸಂಕಟ ಅರ್ಥವಾಗುತ್ತದೆ. ಆದರೆ ಅನೇಕ ಕೋರ್ಸ್‌ಗಳಲ್ಲಿ ಕೊಡುವುದೂ ನಕಲಿನಷ್ಟೇ ತಪ್ಪು. ಮೊದಲ ದಿನ ಹಂಚಿದ ನಿಯಮಪತ್ರವನ್ನು ಓದಿ ನೋಡಿ. ಕೋಡ್ ನಕಲು ಪತ್ತೆಹಚ್ಚಲು 1994ರಲ್ಲಿ ರೂಪುಗೊಂಡ ‘ಮಾಸ್’ನಂತಹ ತಂತ್ರಾಂಶ ವೇರಿಯೇಬಲ್ ಹೆಸರುಗಳನ್ನೂ ಖಾಲಿ ಜಾಗಗಳನ್ನೂ ಲೆಕ್ಕಿಸುವುದಿಲ್ಲ. ಕೋಡನ್ನು ಸಣ್ಣ ತುಣುಕುಗಳಾಗಿಸಿ ಬೆರಳ ಗುರುತಿನಂತೆ ಹೋಲಿಸುತ್ತದೆ. ಆದರೆ ಮೂಲದಲ್ಲಿ ಬರೆದವರು ಯಾರೆಂದು ಅದು ಹೇಳಲಾರದು! ಅದನ್ನು ತೋರಿಸಬೇಕಾದವರು ನೀವೇ. ಗಿಟ್ ದಾಖಲೆ (ಕೋಡಿನಲ್ಲಿ ಹಂತಹಂತವಾಗಿ ಮಾಡಿದ ಬದಲಾವಣೆಗಳ ದಾಖಲೆ), ಹಳೆಯ ಕರಡುಗಳು, ಪಟ್ಟಿಯ ಕೊಂಡಿಗಳನ್ನು ಯೋಚಿಸುತ್ತಾ ಹಾಳೆಯ ಮೇಲೆ ಬಿಡಿಸಿದ ಬಾಣಗಳು ಇದ್ದರೆ ಹಿಡಿದುಕೊಂಡು ನಾಳೆಯೇ ಪ್ರಾಧ್ಯಾಪಕರನ್ನು ಕಾಣಿ. ಕೊಟ್ಟದ್ದನ್ನು ದಯವಿಟ್ಟು ಮುಚ್ಚಿಡಬೇಡಿ. ಗೆಳೆಯನನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಅವನಿಗೆ ಫೈಲ್ ಕಳುಹಿಸುವ ಬದಲು ಪಕ್ಕದಲ್ಲಿ ಕುಳಿತು ಪಾಯಿಂಟರ್ ಎಂದರೇನೆಂದು ವಿವರಿಸಿ.