ಜಪಾನ್ ಬಡ್ಡಿ ಏರಿಸಿದ ದಿನವೇ ಯೆನ್ ಬಿದ್ದಿದ್ದೇಕೆ?

ಪ್ರಶ್ನೆ: ಫಾರೆಕ್ಸ್ (ವಿದೇಶಿ ಕರೆನ್ಸಿಗಳ ವ್ಯಾಪಾರ) ಬಗ್ಗೆ ಈಗಷ್ಟೇ ಕಲಿಯುತ್ತಿದ್ದೇನೆ. ಬಡ್ಡಿ ಏರಿಸಿದ ದೇಶದ ಕರೆನ್ಸಿ ಬಲವಾಗುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಆದರೆ 2024ರ ಮಾರ್ಚ್‌ನಲ್ಲಿ ಜಪಾನ್ 17 ವರ್ಷದ ನಂತರ ಬಡ್ಡಿ ಏರಿಸಿದ ದಿನವೇ ಡಾಲರ್ ಎದುರು ಯೆನ್ ಬಿದ್ದಿದೆ. ಹೇಗೆ? ಮೊಬೈಲ್ ಆ್ಯಪ್‌ನಲ್ಲಿ ಡಾಲರ್–ಯೆನ್ ಜೋಡಿಯ ಟ್ರೇಡಿಂಗ್ ಶುರು ಮಾಡಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕಿವಿಗೆ ಬಿದ್ದ ಮಾತು ಅರ್ಧ ನಿಜ. ಕರೆನ್ಸಿ ವ್ಯಾಪಾರದಲ್ಲಿ ಯಾವಾಗಲೂ ಇಬ್ಬರಿರುತ್ತಾರೆ. ಜಪಾನ್ ಎಷ್ಟು ಏರಿಸಿತು ಅನ್ನುವುದರ ಜೊತೆಗೆ ಅಮೆರಿಕದಲ್ಲಿ ಎಷ್ಟಿದೆ ಅಂತಲೂ ನೋಡಬೇಕು.

ಆ ದಿನ ಜಪಾನಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಜಪಾನ್ ತನ್ನ ದರವನ್ನು ಮೈನಸ್ ಶೇ 0.1ರಿಂದ ಶೇ 0–0.1ಕ್ಕೆ ತಂದಿತು, ಅಷ್ಟೇ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ದರ ಆಗ ಶೇ 5.25–5.50.

ಲೆಕ್ಕ ಹಾಕೋಣ. ಡಾಲರ್‌ಗೆ 150 ಯೆನ್ ಅಂದುಕೊಳ್ಳಿ. ಒಂದು ಫಂಡ್ ಜಪಾನಿನಲ್ಲಿ ಹೆಚ್ಚುಕಡಿಮೆ ಬಡ್ಡಿಯೇ ಇಲ್ಲದೆ 1.5 ಕೋಟಿ ಯೆನ್ ಸಾಲ ಎತ್ತುತ್ತದೆ. ಅದನ್ನು ಮಾರಿ 1 ಲಕ್ಷ ಡಾಲರ್ ಕೊಂಡು ಅಮೆರಿಕದ ಬಾಂಡ್‌ಗೆ (ಸರ್ಕಾರದ ಸಾಲಪತ್ರ) ಹಾಕುತ್ತದೆ. ವರ್ಷಕ್ಕೆ ಶೇ 5 ಅಂದರೂ 5 ಸಾವಿರ ಡಾಲರ್ ಬಡ್ಡಿ. ವರ್ಷದ ಕೊನೆಗೆ ಡಾಲರ್ 143 ಯೆನ್‌ಗೆ ಇಳಿದರೂ, ಕೈಲಿರುವ 1.05 ಲಕ್ಷ ಡಾಲರ್ ಮಾರಿದರೆ 1.5 ಕೋಟಿ ಯೆನ್ ಸಿಗುತ್ತದೆ; ಅಸಲಿಗೆ ಪೆಟ್ಟಿಲ್ಲ. ಇದೇ ಕ್ಯಾರಿ ಟ್ರೇಡ್. ದೊಡ್ಡ ದೊಡ್ಡವರೆಲ್ಲ ಹೀಗೆ ಯೆನ್ ಮಾರುತ್ತಿದ್ದರೆ ಅದು ಬೀಳದೆ ಇರುತ್ತದೆಯೇ?

ಜೊತೆಗೆ, ಮಾರ್ಚ್‌ನ ಏರಿಕೆ ಬರುತ್ತದೆ ಅಂತ ಮಾರುಕಟ್ಟೆಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದ ಸುದ್ದಿ ಆಗಲೇ ಬೆಲೆಯಲ್ಲಿ ಸೇರಿರುತ್ತದೆ, ಅಲ್ವಾ?

ಜಪಾನ್ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ ಸುಮಾರು 9.8 ಲಕ್ಷ ಕೋಟಿ ಯೆನ್ ಮೊತ್ತದ ಡಾಲರ್ ಮಾರಿ ಯೆನ್ ಕೊಂಡಿತು. ಆದರೂ ಜುಲೈ ಹೊತ್ತಿಗೆ ಡಾಲರ್ 161 ಯೆನ್ ದಾಟಿತ್ತು. ಬಡ್ಡಿಯ ಅಂತರ ಹಾಗೇ ಇತ್ತು ನೋಡಿ.

ಅದೇ ಅಂತರ ಕಡಿಮೆಯಾಗುತ್ತದೆ ಅನ್ನಿಸಿದ ಕೂಡಲೇ ಗಾಳಿ ತಿರುಗಿತು. ಜುಲೈ 31ರಂದು ಜಪಾನ್ ದರವನ್ನು ಶೇ 0.25ಕ್ಕೆ ಏರಿಸಿ, ಇನ್ನೂ ಏರಿಸಬಹುದು ಅಂದಿತು. ಆಗಸ್ಟ್ 2ರಂದು ಅಮೆರಿಕದ ನಿರುದ್ಯೋಗ ಶೇ 4.3ಕ್ಕೆ ಏರಿದ ವರದಿ ಬಂತು. ಅಂದರೆ ಅಲ್ಲಿ ಬಡ್ಡಿ ಇಳಿಯಬಹುದು. ಸಾಲ ಮಾಡಿದ್ದವರು ತೀರಿಸಲು ಯೆನ್ ಕೊಳ್ಳಲು ಮುಗಿಬಿದ್ದರು. ಆಗಸ್ಟ್ 5ಕ್ಕೆ ಡಾಲರ್ 142 ಯೆನ್ ಆಸುಪಾಸಿಗೆ ಬಂತು. ಅದೇ ದಿನ ಟೋಕಿಯೊದ ಷೇರು ಸೂಚ್ಯಂಕ ನಿಕ್ಕೈ ಶೇ 12.4 ಕುಸಿಯಿತು.

ತೈಲ, ಹಣದುಬ್ಬರ, ಯುದ್ಧ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. 2022ರಲ್ಲಿ ತೈಲ, ಗ್ಯಾಸ್ ದುಬಾರಿಯಾದಾಗ ಅವನ್ನು ಹೊರಗಿನಿಂದ ತರಿಸುವ ಜಪಾನಿಗೆ ಡಾಲರ್ ಜಾಸ್ತಿ ಬೇಕಾಯಿತು. ಆದರೂ ಈ ಜೋಡಿಯಲ್ಲಿ ನಾನು ಮೊದಲು ನೋಡುವುದು ಎರಡೂ ದೇಶಗಳ 2 ವರ್ಷದ ಬಾಂಡ್‌ಗಳ ಬಡ್ಡಿ ಅಂತರವನ್ನು. ಮುಂದೆ ಬಡ್ಡಿ ಎತ್ತ ಹೋಗಬಹುದು ಅನ್ನುವ ಮಾರುಕಟ್ಟೆಯ ಅಂದಾಜು ಅದರಲ್ಲೇ ಇರುತ್ತದೆ.

ಇನ್ನು ಆ್ಯಪ್ ವಿಚಾರ. ದಯವಿಟ್ಟು ಅವಸರ ಮಾಡಬೇಡಿ. ಆರ್‌ಬಿಐ ಅನುಮತಿ ಇಲ್ಲದ ಫಾರೆಕ್ಸ್ ಆ್ಯಪ್‌ನಲ್ಲಿ ವ್ಯವಹರಿಸಿದರೆ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯಡಿ ನಿಮ್ಮ ಮೇಲೇ ಕ್ರಮ ಆಗಬಹುದು. ಅಂಥವುಗಳ ಎಚ್ಚರಿಕೆ ಪಟ್ಟಿ ಆರ್‌ಬಿಐ ವೆಬ್‌ಸೈಟ್‌ನಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ಮಾಡಲೇಬೇಕು ಅಂತಿದ್ದರೆ ಮಾನ್ಯತೆ ಪಡೆದ ಎಕ್ಸ್‌ಚೇಂಜ್‌ನಲ್ಲಿ, ಷೇರುಪೇಟೆ ನಿಯಂತ್ರಕ ಸೆಬಿಯ ನೋಂದಣಿ ಇರುವ ಬ್ರೋಕರ್ ಮೂಲಕವೇ ಮಾಡಿ. ಅದಕ್ಕೂ ಮೊದಲು ಕೆಲವು ತಿಂಗಳು ಈ ಬಡ್ಡಿ ಅಂತರವನ್ನೂ ಡಾಲರ್–ಯೆನ್ ದರವನ್ನೂ ಅಕ್ಕಪಕ್ಕ ಬರೆದಿಟ್ಟುಕೊಂಡು ನೋಡಿ.